ಮೇಸ್ತ್ರಿಯ ಅಂಗಿ ಜೇಬು

ತಿಂಗಳ ಮೊದಲ ಭಾನುವಾರ ಬಂತೆಂದರೆ ಆ ಮನೆಯ ಮಗ ತಿಂಡಿಗೂ ನಿಲ್ಲುತ್ತಿರಲಿಲ್ಲ. ಹಿತ್ತಿಲ ಶೆಡ್ಡಿನ ತಗಡಿನ ಬಾಗಿಲು ಕರ್ರೆನ್ನುವುದಕ್ಕೂ ಅವನು ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಗುತ್ತಿತ್ತು. "ಸ್ವಲ್ಪ ಕೆಲಸ ಇದೆ" ಎಂದು ಬೀದಿಗಿಳಿದರೆ ಮತ್ತೆ ಮುಖ ತೋರಿಸುತ್ತಿದ್ದುದು ಮಧ್ಯಾಹ್ನದ ಊಟಕ್ಕೇ. ನೀರಿನ ಬಿಲ್ಲಿನ ಕಚೇರಿಯ ಗುಮಾಸ್ತನಿಗೆ ಭಾನುವಾರ ಬೆಳಿಗ್ಗೆ ಅದೆಂಥ ಕೆಲಸವೋ! ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಏನೇನೋ ಅನುಮಾನ ಪಟ್ಟು ಒಂದು ಸಲ ಹಿಂದೆಯೇ ಹೋಗಿ ನೋಡಿದ್ದಳು. ಮಹಾರಾಯ ಕಾಲುವೆಯ ಸೇತುವೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಜೊತೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳಿಗೇ ನಾಚಿಕೆಯಾಗಿ ಸದ್ದಿಲ್ಲದೆ ವಾಪಸು ಬಂದಿದ್ದಳು.

ಶೆಡ್ಡಿನಲ್ಲಿದ್ದುದು ಅವಳ ಮಾವನ ಕಾರು. ಹಳೇ ಕಾಲದ್ದು, ದುಂಡು ಮುಖದ್ದು, ಹಾಲುಕೆನೆ ಬಣ್ಣದ್ದು. ಗೇಟಿನಾಚೆ ಹೋಗುವವರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮಾವ ಬಸ್ ಡಿಪೋದಲ್ಲಿ ಎಂಜಿನ್ ಮೇಸ್ತ್ರಿಯಾಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆಲ್ಲ ಇನ್ನೂ ಮೇಸ್ತ್ರಿಗಳೇ. ಕಾರಿಗೆ ಅವರಿಟ್ಟ ಹೆಸರು ದೊರೆಸಾನಿ. ತಿಂಗಳಿಗೊಮ್ಮೆ ದೊರೆಸಾನಿಯ ಬಾನೆಟ್ ಎತ್ತಿ, ಪ್ಲಗ್ ಬಿಚ್ಚಿ ಉಜ್ಜಿ, ಕಾರ್ಬುರೇಟರ್ ಊದಿ, ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಗೇಟಿನವರೆಗೆ ತಂದು ಮತ್ತೆ ಶೆಡ್ಡಿಗೇ ಸೇರಿಸುತ್ತಿದ್ದರು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಕಾರು ಗೇಟು ದಾಟಿದ್ದನ್ನು ಸೊಸೆ ಒಂದು ದಿನವೂ ಕಂಡಿರಲಿಲ್ಲ.

ಅದಕ್ಕೆ ಕಾರಣ ಅವಳಿಗೆ ಮೇಲುಮೇಲಕ್ಕೆ ಗೊತ್ತಿತ್ತು. ಅವಳು ಈ ಮನೆಗೆ ಬರುವ ಮುಂಚೆಯೇ ಅತ್ತೆ ತೀರಿಕೊಂಡಿದ್ದರು. ಎದೆನೋವು ಬಂದ ಸಂಜೆ ಇದೇ ಕಾರು ಸ್ಟಾರ್ಟ್ ಆಗಲಿಲ್ಲ. ಹಿಂದಿನ ಸೀಟಿನ ಎಡಮಗ್ಗುಲಲ್ಲಿ ಕೂತಲ್ಲೇ ಅವರ ಜೀವ ಹೋಯಿತು. ಆ ಜಾಗದಲ್ಲಿ ಆಮೇಲೆ ಯಾರೂ ಕೂತಿಲ್ಲ. ಒಂದು ಸಲ ಮಗಳು ಪುಟ್ಟಿ ಆಟವಾಡುತ್ತ ಅಲ್ಲಿ ಹತ್ತಿ ಕೂತಿದ್ದಕ್ಕೆ ದೊಡ್ಡತ್ತೆ ಓಡಿ ಬಂದು ಕೈಹಿಡಿದು ದರದರ ಎಳೆದುಹಾಕಿದ್ದರು. ದೊಡ್ಡತ್ತೆ ಅಂದರೆ ತೀರಿಹೋದ ಅತ್ತೆಯ ಅಕ್ಕ. ತಂಗಿ ಹೋದ ಮೇಲೆ ಮನೆ ನೋಡಿಕೊಳ್ಳಲು ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಕೀಲಿ ತೆಗೆದ ಮೇಲೂ ದೊರೆಸಾನಿಯ ಎಂಜಿನ್ ಒಂದೆರಡು ಸಲ ಗುಕ್ಕು ಗುಕ್ಕು ಎಂದು ಆಮೇಲೆ ನಿಲ್ಲುತ್ತಿತ್ತು.

"ಕೇಳಿಸ್ತಾ? ಅವಳಿಗೆ ಇನ್ನೂ ಇಳಿಯೋಕೆ ಮನಸ್ಸಿಲ್ಲ" ಎನ್ನುತ್ತಿದ್ದರು ದೊಡ್ಡತ್ತೆ, ತರಕಾರಿ ಹೆಚ್ಚುತ್ತ.

ಸೊಸೆಗೆ ಮೈ ಜುಂ ಎನ್ನುತ್ತಿತ್ತು. ಆದರೂ ಹೊಲಿಗೆ ಮೆಷಿನ್ನಿನ ಚಕ್ರ ಜೋರಾಗಿ ತಿರುಗಿಸಿ ಸದ್ದು ಮುಚ್ಚುತ್ತಿದ್ದಳು. ಮುಂದಿನ ಕೋಣೆಯಲ್ಲಿ ಕೂತು ಬೀದಿಯವರ ಬಟ್ಟೆ ಹೊಲಿಯುವುದು ಅವಳ ಕಸುಬು. ಸತ್ತವರಿಗಾಗಿ ಕೂತು ಕೊರಗಲು ಅವಳಿಗೆ ಪುರಸೊತ್ತಿರಲಿಲ್ಲ. ಬದುಕಿರುವ ಪುಟ್ಟಿಯದೇ ಅವಳಿಗೆ ಹಗಲೂ ಇರುಳೂ ಚಿಂತೆ.

ಪುಟ್ಟಿಗೆ ಉಬ್ಬಸ. ಆ ಚಳಿಗಾಲದಲ್ಲಿ ಅದು ವಿಪರೀತವಾಯಿತು. ಬಾಯಿಗೆ ಒತ್ತಿಕೊಳ್ಳುವ ಪಂಪು ಸಾಲದೆ ಒಂದು ಸಲ ಆಸ್ಪತ್ರೆಗೆ ಓಡಬೇಕಾಯಿತು. ಟ್ಯಾಕ್ಸಿ ಬರುವಷ್ಟರಲ್ಲಿ ಮಗುವಿನ ತುಟಿ ನೀಲಿಗಟ್ಟಿತ್ತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಇನ್ನೊಂದು ಸಲ ಇಷ್ಟು ತಡ ಮಾಡಬೇಡಿ ತಾಯಿ" ಎಂದರು. ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು.

ಎರಡು ದಿನ ತಡೆದು ಮೂರನೆಯ ದಿನ ಊಟದ ಮೇಜಿನ ಮುಂದೆ ಅವಳು ಬಾಯಿ ಬಿಟ್ಟಳು.

"ಮನೆಯಲ್ಲಿ ಕಾರಿಟ್ಟುಕೊಂಡು ಟ್ಯಾಕ್ಸಿಗೆ ಬಾಯಿ ಬಿಡೋದು ಯಾವ ನ್ಯಾಯ ಹೇಳಿ?"

ಗಂಡ ಆಲೂಗಡ್ಡೆ ಹೋಳನ್ನು ತಟ್ಟೆಯ ಅಂಚಿಗೆ ತಳ್ಳಿದ. "ಅದು ಕಾರಲ್ಲ. ಮಾರಿಬಿಡಿ ಅಂತ ಎಷ್ಟು ಸಲ ಹೇಳಿದೀನಿ."

"ಯಾಕೆ ಕಾರಲ್ಲ? ಹೋದ ವಾರ ತಾನೇ ಗೇಟಿನವರೆಗೆ ಓಡಿತು" ಎಂದರು ಮೇಸ್ತ್ರಿಗಳು.

"ಗೇಟಿನವರೆಗೆ ಓಡುತ್ತೆ. ಬೇಕಾದಾಗ ಓಡಲ್ಲ."

ಮೇಸ್ತ್ರಿಗಳು ತಲೆ ತಗ್ಗಿಸಿ ನೀರು ಕುಡಿದರು. ಲೋಟ ಹಲ್ಲಿಗೆ ತಾಗಿ ಟಕಟಕ ಎಂದಿತು. ಆ ವರ್ಷ ಅವರ ಕೈ ನಡುಗಲು ಶುರುವಾಗಿತ್ತು.

"ನೀವು ತಗಾದೆ ಮಾಡ್ತಾ ಕೂತಿರಿ, ಮಗು ಮಾತ್ರ ಕೊಳಲು ಊದ್ತಿರಲಿ" ಎಂದರು ದೊಡ್ಡತ್ತೆ. ಅವರಿಗೆ ಯಾರ ಪಕ್ಷವೂ ಇರಲಿಲ್ಲ, ಎಲ್ಲರಿಗೂ ಒಂದೊಂದು ತಗುಲಿಸಿಯೇ ಅವರು ಏಳುತ್ತಿದ್ದುದು.

"ನಾನು ಹೇಳ್ತೀನಿ ಕೇಳಿ. ಮಾವನ ಕೈ ನಿಲ್ಲಲ್ಲ, ನನ್ನ ಕೈ ನಿಲ್ಲುತ್ತೆ. ಅವರು ಹೇಳ್ಕೊಡಲಿ, ನಾನು ಮಾಡ್ತೀನಿ. ಕಾರು ಯಾವಾಗ ಕರೆದ್ರೂ ಬರೋ ಹಾಗಿರಬೇಕು. ಓಡಿಸೋರು ಮಾತ್ರ ನೀವೇ" ಎಂದಳು ಸೊಸೆ ಗಂಡನ ಕಡೆ ತಿರುಗಿ.

"ನಾನು ಅದರ ಸ್ಟೀರಿಂಗ್ ಮುಟ್ಟಲ್ಲ" ಎಂದು ಅವನು ಅರ್ಧ ಊಟ ಬಿಟ್ಟು ಕೈತೊಳೆದ.

ಮುಂದಿನ ತಿಂಗಳ ಮೊದಲ ಭಾನುವಾರ ಅವನು ಎಂದಿನಂತೆ ಸೇತುವೆಯ ಕಡೆ ನಡೆದ. ಸೊಸೆ ಸೆರಗು ಸಿಕ್ಕಿಸಿ ಬಾನೆಟ್ಟಿನ ಕೆಳಗೆ ಬಗ್ಗಿದಳು.

ಮೇಸ್ತ್ರಿಗಳು ಸ್ಟೂಲಿನ ಮೇಲೆ ಕೂತರು. ಕಲಿಸಲು ಕೂತಾಗ ಆ ಮನುಷ್ಯನ ಗತ್ತೇ ಬೇರೆ. "ಮೊದಲು ಪ್ಲಗ್ ಬಿಚ್ಚು. ವೈರುಗಳನ್ನ ಕಲಸಿಬಿಡಬೇಡ, ಯಾವುದು ಯಾವ ಮನೆಗೆ ಅಂತ ಗುರುತಿಟ್ಕೋ. ಹಾಂ. ಈಗ ಅದರ ಮೂತಿ ನೋಡು. ಏನು ಬಣ್ಣ?"

"ಬಿಸ್ಕತ್ತಿನ ಬಣ್ಣ."

"ಹಾಗಿದ್ರೆ ಹೊಟ್ಟೆ ಸರಿಯಿದೆ ಅಂತ. ಕರ್ರಗೆ ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ. ತೊಯ್ದು ತೊಪ್ಪೆಯಾಗಿದ್ರೆ..." ಅವರು ಒಂದು ಕ್ಷಣ ತಡೆದರು. "ತೊಯ್ದಿದ್ರೆ ಎರಡು ಅರ್ಥ. ಪೆಟ್ರೋಲ್ ಮಿತಿಮೀರಿ ಹೋಗಿರಬೇಕು. ಇಲ್ಲಾ, ಕಿಡಿಯೇ ಬಂದಿರಬಾರದು. ಕಿಡಿ ಇಲ್ಲದಿದ್ರೆ ಎಷ್ಟು ಕುಡಿಸಿದ್ರೂ ಉರಿಯಲ್ಲ, ಒದ್ದೆಯಾಗುತ್ತೆ ಅಷ್ಟೇ."

ಪ್ಲಗ್ ಉಜ್ಜಿ ಸೇರಿಸಿದ ಮೇಲೆ ಡಿಸ್ಟ್ರಿಬ್ಯೂಟರ್ ಎಂಬ ದುಂಡನೆಯ ಕರಿ ಮುಚ್ಚಳದ ಸರದಿ. ಎರಡೂ ಕಡೆಯ ಕ್ಲಿಪ್ ಬಿಡಿಸಿ ಮುಚ್ಚಳ ಎತ್ತಿದರೆ ಒಳಗೆ, ಎಂಜಿನ್ ತಿರುಗಿದಂತೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಪುಟ್ಟ ಪಾಯಿಂಟುಗಳು. ಅವುಗಳ ನಡುವಿನ ಸಂದನ್ನು ತೆಳ್ಳನೆಯ ಉಕ್ಕಿನ ಎಸಳು ತೂರಿಸಿ ಅಳೆಯಬೇಕು.

"ಎಳೆದ್ರೆ ಹಿಡಿದೂ ಹಿಡಿಯದ ಹಾಗೆ ಬರಬೇಕು. ಬಿಗಿಯಾದ್ರೆ ಹಾಳು, ಸಡಿಲಾದ್ರೂ ಹಾಳು" ಎಂದರು ಮೇಸ್ತ್ರಿಗಳು.

"ಅಷ್ಟೇ ತಾನೇ? ನನ್ನ ಮೆಷಿನ್ನಿನ ದಾರದ ಬಿಗಿ ನೋಡೋ ಹಾಗೆ." ಅವಳು ತಿರುಪು ಒಂದಿಷ್ಟು ತಿರುಗಿಸಿ, ಎಸಳು ಎಳೆದು, ಮತ್ತೆ ತಿರುಗಿಸಿದಳು. ಮೇಸ್ತ್ರಿಗಳೂ ಎಳೆದು ನೋಡಿದರು. ನಡುಗುವ ಬೆರಳಿಗೂ ಅದು ಗೊತ್ತಾಯಿತು.

"ಭೇಷ್! ಇದನ್ನ ಡಿಪೋದಲ್ಲಿ ಒಬ್ಬನಿಗೆ ಕಲಿಸೋಕೆ ಹೋಗಿ ನನ್ನ ಅರ್ಧ ಕೂದಲು ಉದುರಿತ್ತು."

"ಇನ್ನರ್ಧ ದೊಡ್ಡತ್ತೆ ಉದುರಿಸಿದ್ರಾ?"

ಮೇಸ್ತ್ರಿಗಳು ಕಿಸಕ್ಕನೆ ನಕ್ಕರು. ನಗುತ್ತಲೇ ಅಂಗಿಯ ಎದೆಜೇಬಿಗೆ ಕೈಹಾಕಿ ಹೆಬ್ಬೆರಳಿನ ಗಾತ್ರದ, ತಲೆಯ ಮೇಲೆ ಹಿತ್ತಾಳೆ ಪಟ್ಟಿಯಿದ್ದ ಕರಿ ತುಣುಕೊಂದನ್ನು ತೆಗೆದು ಕೊಟ್ಟರು. "ಇದನ್ನ ಆ ನಡುವಿನ ಕಡ್ಡಿಗೆ ಕೂರಿಸು."

ಅವಳು ಅದನ್ನು ಗುರುತು ಹಿಡಿದಳು. ಒಂದೆರಡು ಸಲ ಬಟ್ಟೆ ಒಗೆಯುವಾಗ ಅವರ ಜೇಬಿನಲ್ಲಿ ಸಿಕ್ಕಿತ್ತು. ಯಾವುದೋ ಹಳೇ ಬಾಟಲಿಯ ಬಿರಡೆ ಇರಬೇಕೆಂದು ಕಿಟಕಿಯ ಮೇಲಿಟ್ಟಿದ್ದಳು.

"ಇದೇನು ಮಾವ?"

"ರೋಟರ್. ಬಂದ ಕಿಡಿಯನ್ನ ಪ್ಲಗ್ಗುಗಳಿಗೆ ಹಂಚೋನು ಇವನೇ. ಇವನಿಲ್ಲದಿದ್ರೆ ಎಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಎಂಥ ಕಳ್ಳ ಬಂದ್ರೂ ಅಷ್ಟೇ."

"ಅಯ್ಯೋ, ಅದಕ್ಕೆ ಜೇಬಲ್ಲಿ ಇಟ್ಕೊಂಡು ತಿರುಗೋದಾ?"

"ನಿನ್ನ ಗಂಡನ ಪ್ರತಾಪ. ಕಾಲೇಜಿಗೆ ಹೋಗ್ತಿದ್ದಾಗ ಕದ್ದು ಓಡಿಸ್ಕೊಂಡು ಹೋಗಿ ಕಂಬಕ್ಕೆ ಗುದ್ದಿದ್ದ. ಆವತ್ತಿಂದ ನಾನು ಕಾರು ನಿಲ್ಲಿಸಿದ್ರೆ ಇದು ಜೇಬಿಗೆ. ಈಗ ಕದಿಯೋರು ಯಾರೂ ಇಲ್ಲ, ಆದ್ರೆ ಕೈ ಕೇಳಬೇಕಲ್ಲ. ನನಗೆ ಗೊತ್ತೇ ಆಗಲ್ಲ, ಅದರಷ್ಟಕ್ಕೆ ತೆಗೆದಿಟ್ಟುಬಿಡುತ್ತೆ."

ಅವಳೂ ನಕ್ಕಳು. ಮುಚ್ಚಳ ಹಾಕಿ, ಕ್ಲಿಪ್ ಬಿಗಿದು, ಕೀಲಿ ತಿರುಗಿಸಿದಾಗ ದೊರೆಸಾನಿ ಒಂದೇ ಏಟಿಗೆ ಎದ್ದಳು. ಕಾರ್ಬುರೇಟರಿನ ತಿರುಪನ್ನು ಒಂಚೂರು ಆಚೆ ಈಚೆ ಮಾಡಿ ಸದ್ದು ಹದಕ್ಕೆ ತಂದಾಗ ಸೊಸೆಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಹೊಸ ಬಟ್ಟೆ ಹೊಲಿದು ಕೊಟ್ಟಾಗಲೂ ಅವಳಿಗೆ ಹಾಗೆ ಅನ್ನಿಸಿರಲಿಲ್ಲ.

ಆ ಹಿಗ್ಗು ಸಂಜೆಯವರೆಗೂ ಉಳಿಯಲಿಲ್ಲ.

ಒಣಗಿದ ಬಟ್ಟೆ ಮಡಿಸುತ್ತ ಕೂತಾಗ ಅವಳು ಗಂಡನಿಗೆ ಹೇಳಿದಳು: "ನೋಡಿ, ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ನಿಮಗೇನು ಅಷ್ಟು ಭಯ?"

ಅವನು ಮಡಿಸಿದ ಟವಲನ್ನೇ ಮತ್ತೆ ಬಿಡಿಸಿ ಮಡಿಸುತ್ತ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ.

"ಆವತ್ತು ಅಪ್ಪನಿಗೆ ಡಿಪೋದಿಂದ ಕರೆ ಬಂತು, ಊರಾಚೆ ಬಸ್ಸು ಕೆಟ್ಟು ನಿಂತಿತ್ತು. ಅವರು ಹೋದ ಮೇಲೆ ಅಮ್ಮ ಎದೆ ಹಿಡ್ಕೊಂಡು ಕೂತ್ಳು. ನಾನೂ ಎದುರುಮನೆಯವರೂ ಎತ್ಕೊಂಡು ಹೋಗಿ ಸೀಟಲ್ಲಿ ಕೂರಿಸಿದ್ವಿ. ನಾನು ಕೀಲಿ ತಿರುಗಿಸ್ದೆ. ಕುರ್ ಕುರ್ ಕುರ್... ಅಷ್ಟೇ. ಎದುರುಮನೆಯವರು ಬೇರೆ ಗಾಡಿ ಹುಡುಕೋಕೆ ಓಡಿದ್ರು. ನಾನು ಚೋಕ್ ಎಳೆದೆ. ಆಕ್ಸಿಲರೇಟರ್ ತುಳಿದೇ ತುಳಿದೆ. ಅಮ್ಮ ಹಿಂದಿನಿಂದ 'ನಿಧಾನ ಮಗಾ, ಗಾಬರಿಯಾಗ್ಬೇಡ' ಅಂತಿದ್ಳು. ಕೊನೆಗೆ ಬ್ಯಾಟರಿ ಸತ್ತುಹೋಯ್ತು. ಹಿಂದೆ ತಿರುಗಿ ನೋಡಿದ್ರೆ..."

ಅವನು ಟವಲನ್ನು ಮತ್ತೆ ಬಿಡಿಸಿದ.

"ಬೆಳಿಗ್ಗೆ ಅಪ್ಪ ಬಂದು ಪ್ಲಗ್ ಬಿಚ್ಚಿ ನನ್ನ ಕೈಗಿಟ್ರು. ನಾಲ್ಕೂ ತೊಯ್ದುಹೋಗಿದ್ವು. 'ಪೆಟ್ರೋಲ್ ಕುಡಿಸಿ ಕುಡಿಸಿ ಮುಳುಗಿಸಿಬಿಟ್ಟೆ ಕಣೋ' ಅಂದ್ರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ರೆ ವಾಸಿಯಿತ್ತು. ಆ ಕುರ್ ಕುರ್ ಇವತ್ತಿಗೂ ನನ್ನ ಕಿವಿಯಲ್ಲಿದೆ. ಸ್ನಾನಕ್ಕೆ ಹೋದ್ರೆ ನಲ್ಲಿಯಲ್ಲಿ ಕೇಳುತ್ತೆ. ಗಾಬರಿಯಾಗದೆ ಒಂದು ನಿಮಿಷ ಸುಮ್ಮನಿದ್ದಿದ್ರೆ ಅಮ್ಮ ಬದುಕ್ತಿದ್ಳು."

ಸೊಸೆಯ ಕೈಯಲ್ಲಿದ್ದುದು ಮಾವನ ಅಂಗಿ. ಅದರ ಎದೆಜೇಬಿನ ಮೂಲೆಯಲ್ಲಿ, ಎಷ್ಟು ಒಗೆದರೂ ಹೋಗದ ಒಂದು ಗುಂಡನೆಯ ಕರಿ ಕಲೆ. ಬೆಳಿಗ್ಗೆ ಮಾವ ಹೇಳಿದ ಮಾತು ಕಿವಿಯಲ್ಲಿ ಮತ್ತೆ ಕೇಳಿತು: ಕಿಡಿ ಇಲ್ಲದಿದ್ರೆ ಎಷ್ಟು ಕುಡಿಸಿದ್ರೂ ಒದ್ದೆಯಾಗುತ್ತೆ ಅಷ್ಟೇ. ಹಾಗಾದರೆ ಆವತ್ತೂ ರೋಟರ್ ಮಾವನ ಜೇಬಿನಲ್ಲೇ ಇತ್ತು. ಗಂಡನ ಮುಖ ನೋಡಲಾಗದೆ ಎದ್ದು ಅಡಿಗೆಮನೆಗೆ ಹೋಗಿ, ಉರಿಯದ ಒಲೆಯ ಮುಂದೆ ಸುಮ್ಮನೆ ನಿಂತಳು.

ಹೇಳಬೇಕೋ ಬೇಡವೋ? ಹೇಳಿದರೆ ಅಪ್ಪ ಮಗನ ನಡುವೆ ಉಳಿದಿರುವ ಒಂದೆಳೆಯೂ ಕಿತ್ತುಹೋಗುತ್ತದೆ. ಹೇಳದಿದ್ದರೆ ಈ ಮನುಷ್ಯ ಸಾಯುವ ತನಕ ಅಮ್ಮನನ್ನು ಕೊಂದವನು ನಾನೇ ಎಂದುಕೊಂಡು ಸೇತುವೆಯ ಮೇಲೆ ಕೂರುತ್ತಾನೆ. ಅವಳಿಗೆ ದಿಕ್ಕು ತೋಚಲಿಲ್ಲ. ನಾಳೆ ನೋಡೋಣ ಎಂದುಕೊಂಡಳು. ಆ ಮನೆಯಲ್ಲಿ ಹಾಗೆ ಅಂದುಕೊಂಡವರಲ್ಲಿ ಅವಳು ಮೊದಲನೆಯವಳಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಗಂಡ ಕಚೇರಿಗೆ ಹೋದ ಮೇಲೆ ಮಾವನಿಗೆ ಚಹಾ ಕೊಡುತ್ತ ಇಷ್ಟು ಮಾತ್ರ ಹೇಳಿದಳು.

"ಮಾವ, ಇನ್ಮೇಲೆ ಆ ರೋಟರ್ ಅದರ ಜಾಗದಲ್ಲೇ ಇರಲಿ. ಜೇಬಿಗೆ ಬೇಡ. ಪುಟ್ಟಿಗೋಸ್ಕರ."

ಮೇಸ್ತ್ರಿಗಳು ತಲೆಯೆತ್ತಿ ನೋಡಿದರು. ಅವಳೂ ದೃಷ್ಟಿ ತಪ್ಪಿಸಲಿಲ್ಲ.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ಆಯ್ತಮ್ಮ" ಎಂದರು. ಅವತ್ತು ಮಧ್ಯಾಹ್ನ ಅವರು ಅವಳ ಕಣ್ಣೆದುರೇ ರೋಟರನ್ನು ಕೂರಿಸಿ ಮುಚ್ಚಳ ಬಿಗಿದು ಬಂದರು. ಅವಳು ನೆಮ್ಮದಿಯ ಉಸಿರು ಬಿಟ್ಟಳು.

ಮೂರು ವಾರ ಕಳೆಯಿತು. ಬಸ್ಸು, ಟ್ಯಾಕ್ಸಿ, ಲಾರಿಯವರೆಲ್ಲ ಸೇರಿ ಮುಷ್ಕರ ಹೂಡಿದರು. ಬೀದಿ ಬಿಕೋ ಎನ್ನುತ್ತಿತ್ತು. ಕಚೇರಿಗೆ ಹೋಗಲು ಗಾಡಿಯಿಲ್ಲದೆ ಗಂಡ ಮನೆಯಲ್ಲೇ ಪೇಪರ್ ಓದುತ್ತಿದ್ದ. ಹಿಂದಿನ ದಿನ ಬ್ಯಾಟರಿ ಇಳಿಯದಿರಲೆಂದು ಮೇಸ್ತ್ರಿಗಳು ಕಾರನ್ನು ಒಂದಿಷ್ಟು ಹೊತ್ತು ಓಡಿಸಿ ನಿಲ್ಲಿಸಿದ್ದರು. ಸೊಸೆ ಹಿತ್ತಿಲಲ್ಲಿ ಸೋಪಿನ ನೀರು ಕಲಸಿ, ಎಂದಿನಂತೆ ಒಂದೊಂದೇ ಜೇಬು ತಡವಿ ಬಟ್ಟೆ ನೆನೆಹಾಕುತ್ತಿದ್ದಳು. ಅಷ್ಟರಲ್ಲಿ ಒಳಗಿಂದ ದೊಡ್ಡತ್ತೆ ಕಿರುಚಿದರು.

"ಬಾರೇ ಬೇಗ! ಮಗು ಉಸಿರು ಎಳೀತಿಲ್ಲ!"

ಕೈಯಲ್ಲಿದ್ದ ಬಟ್ಟೆಯೆಲ್ಲ ಬಕೆಟ್ಟಿಗೆ ತುರುಕಿ ಅವಳು ಓಡಿದಳು. ಪುಟ್ಟಿ ಮಂಚದ ಅಂಚಿಗೆ ಕೂತು, ಭುಜ ಎತ್ತೆತ್ತಿ ಗಾಳಿ ಹುಡುಕುತ್ತಿದ್ದಳು. ಪಂಪು ಒತ್ತಿದರು, ಮತ್ತೆ ಒತ್ತಿದರು. ಏನೂ ಆಗಲಿಲ್ಲ. ಗಂಡ ಫೋನು ಕಿವಿಗೆ ಹಿಡಿದು ಅಂಗಳದಲ್ಲಿ ಸುತ್ತುತ್ತಿದ್ದ. ಆಂಬುಲೆನ್ಸ್ ಎಲ್ಲ ಹೊರಗೆ ಹೋಗಿವೆಯಂತೆ, ಕಾಯಬೇಕಂತೆ.

"ಕಾರು ತೆಗೀರಿ" ಎಂದಳು ಹೆಂಡತಿ.

ಅವನು ಕದಲಲಿಲ್ಲ.

"ರೀ! ಕಾರು ತೆಗೀರಿ ಅಂದೆ!"

ಅವಳೇ ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ನುಗ್ಗಿ, ಹಿಂದಿನ ಬಾಗಿಲು ತೆರೆದು, ಎಡಮಗ್ಗುಲಿಗೆ ಕೂರಿಸಿದಳು. ದೊಡ್ಡತ್ತೆ "ಅಲ್ಲಿ ಬೇಡ, ಅಲ್ಲಿ ಬೇಡ್ವೇ" ಎನ್ನುತ್ತಲೇ ತಾವೂ ಪಕ್ಕಕ್ಕೆ ಹತ್ತಿ ಮಗುವನ್ನು ತಬ್ಬಿಕೊಂಡರು. ಗಂಡ ಬಂದು ಕೂತು, ಕೀಲಿ ತಿರುಗಿಸಿದ.

ಕುರ್ ಕುರ್ ಕುರ್.

ಮತ್ತೆ ತಿರುಗಿಸಿದ. ಕುರ್ ಕುರ್ ಕುರ್. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದಿನ ಸೀಟಿನ ಕಡೆ ತಿರುಗದೆ, ಕತ್ತು ಸೆಟೆಸಿಕೊಂಡು, "ಅಮ್ಮಾ, ಈಗ ಆಗುತ್ತಮ್ಮಾ, ಈಗ ಆಗುತ್ತೆ" ಎಂದು ತೊದಲಿದ. ಯಾವ ಅಮ್ಮನಿಗೆ ಹೇಳುತ್ತಿದ್ದಾನೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ದೊಡ್ಡತ್ತೆ ಬಾಯಿಗೆ ಸೆರಗು ತುರುಕಿಕೊಂಡರು.

ಹೆಂಡತಿ ತಿರುಗಿ ನೋಡಿದಳು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಾವನ ಬಲಗೈ ಎದೆಯ ಮೇಲಿತ್ತು. ಹೊಸದಾಗಿ ಒಗೆದ ಅಂಗಿ. ಖಾಲಿ ಜೇಬನ್ನು ಅವರು ಪಟಪಟ ಬಡಿದುಕೊಳ್ಳುತ್ತಿದ್ದರು.

"ನಿನ್ನೆಯ ಅಂಗಿ... ನನ್ನ ನಿನ್ನೆಯ ಅಂಗಿ..."

ಅವಳಿಗೆ ಇನ್ನೊಂದು ಮಾತು ಬೇಕಾಗಿರಲಿಲ್ಲ. ಹಿತ್ತಿಲಿಗೆ ಹಾರಿ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿದಳು. ಲಂಗ ಬಂತು, ಟವಲ್ ಬಂತು, ಗಂಡನ ಪ್ಯಾಂಟು ಬಂತು. "ಎಲ್ಲಿ ಹೋದ್ಯೋ ಹಾಳಾದವನೇ!" ಎಂದು ರೋಟರನ್ನು ಬೈದಳೋ ಮಾವನನ್ನು ಬೈದಳೋ ಅವಳಿಗೇ ತಿಳಿಯದು. ಕೊನೆಗೆ ನೀಲಿ ಗೆರೆಯ ಅಂಗಿ ಬಂತು. ಜೇಬಿನಲ್ಲಿ ಗಟ್ಟಿಯಾದ ತುಣುಕು.

ಸೆರಗಿನಲ್ಲಿ ಒರೆಸುತ್ತ, ಊದುತ್ತ ಓಡಿ ಬಂದು ಬಾನೆಟ್ ಎತ್ತಿದಳು. ಕ್ಲಿಪ್ ಬಿಡಿಸಿದಳು, ಕಡ್ಡಿಗೆ ಕೂರಿಸಿದಳು, ಮುಚ್ಚಳ ಒತ್ತಿದಳು. ಕೈ ಒಂದಿಷ್ಟೂ ನಡುಗಲಿಲ್ಲ.

"ಈಗ ತಿರುಗಿಸಿ!"

ದೊರೆಸಾನಿ ಒಂದೇ ಏಟಿಗೆ ಎದ್ದಳು.

ಬಾನೆಟ್ ಹಾಕುವಾಗ ಗಾಜಿನ ಆಚೆ ಗಂಡನ ಕಣ್ಣು ಕಂಡಿತು. ಅವನು ಮೊದಲು ಅವಳ ಕೈಗಳನ್ನು, ಆಮೇಲೆ ಬಾಗಿಲಲ್ಲಿದ್ದ ಅಪ್ಪನ ಎದೆಯ ಮೇಲಿನ ಕೈಯನ್ನು ನೋಡಿದ. ಅವಳು ಮುಂದಿನ ಸೀಟಿಗೆ ಹತ್ತಿ ಕೂತಳು. ಅಷ್ಟು ವರ್ಷ ಗೇಟು ದಾಟದ ಕಾರು ಖಾಲಿ ಬೀದಿಯಲ್ಲಿ ಹಾರಿಹೋಯಿತು.

ಪುಟ್ಟಿ ಉಳಿದಳು. ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಮಲಗಿದ ಮಗುವಿನ ಎದೆ ಹದವಾಗಿ ಏರಿ ಇಳಿಯತೊಡಗಿದಾಗ ಗಂಡ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಅವಳ ಮೊಣಕೈಯಲ್ಲಿ ಸೋಪಿನ ನೊರೆ ಒಣಗಿ ಬೆಳ್ಳಗೆ ಹತ್ತಿಕೊಂಡಿತ್ತು.

"ಅದು ಜೇಬಲ್ಲಿ ಇರೋದು ಯಾವಾಗಿಂದ?"

"ನೀವು ಕಾಲೇಜಲ್ಲಿದ್ದಾಗಿಂದ."

"ನಿನಗೆ ಯಾವಾಗ ಗೊತ್ತಾಯ್ತು?"

"ನೀವು ಅಮ್ಮನ ವಿಷಯ ಹೇಳಿದ ದಿನ."

"ಮೂರು ವಾರ ನೀನೂ ಬಾಯಿ ಮುಚ್ಕೊಂಡಿದ್ದೆ."

"ಹೌದು" ಎಂದಳು. ಅವತ್ತೇ ಹೇಳಿದ್ದಿದ್ದರೆ ಮಗುವನ್ನು ಹಿಂದೆ ಕೂರಿಸಿಕೊಂಡು ಆ ಕುರ್ ಕುರ್ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಸಂಕಟಕ್ಕೆ ಅಳು ಬಂತು. ಅವನು ಅವಳನ್ನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಪುಟ್ಟಿಯನ್ನು ಮನೆಗೆ ತಂದ ದಿನ ಮಗುವನ್ನು ಮಲಗಿಸಿ ನಾಲ್ವರೂ ಊಟಕ್ಕೆ ಕೂತರು. ಅನ್ನ, ಬೇಳೆ, ಒಂದೊಂದು ಮೊಟ್ಟೆ. ಯಾರಿಗೂ ಹಸಿವಿರಲಿಲ್ಲ, ಆದರೂ ಬಡಿಸಿಕೊಂಡರು.

"ಅಪ್ಪ, ಆವತ್ತು ಅದು ಎಲ್ಲಿತ್ತು?" ಎಂದ ಮಗ.

ಅನ್ನ ಕಲಸುತ್ತಿದ್ದ ಕೈ ನಿಂತಿತು. ಯಾವತ್ತು ಎಂದು ಮೇಸ್ತ್ರಿಗಳು ಕೇಳಲಿಲ್ಲ.

"ಜೇಬಲ್ಲಿ."

"ಯಾವಾಗ ಗೊತ್ತಾಯ್ತು?"

"ಅಲ್ಲೇ. ಬಸ್ಸಿನ ಕೆಳಗೆ ಬೋರಲು ಮಲಗಿದಾಗ ಎದೆಗೆ ಚುಚ್ಚಿತು. ದೂರ ಹೋಗೋವಾಗ ಮನೆಗೆ ಬೇಕಾಗುತ್ತೆ ಅಂತ ಹಾಕಿ ಬರ್ತಿದ್ದೆ, ಅಯ್ಯೋ, ಇವತ್ತು ಮರೆತೆನಲ್ಲ ಅಂದ್ಕೊಂಡೆ. ಒಂದು ದಿನ ತಾನೇ, ಏನಾಗುತ್ತೆ ಅಂದ್ಕೊಂಡೆ."

"ಮತ್ತೆ ನನಗೆ ಪ್ಲಗ್ ತೋರಿಸಿದ್ದು?"

"ನೀನು ಅಳ್ತಾ ಬಂದು 'ಏನಾಗಿತ್ತಪ್ಪಾ ಅದಕ್ಕೆ' ಅಂದೆ. ಬಾಯಿಗೆ ಅದೇ ಬಂತು. ಸಮಾಧಾನ ಆದ ಮೇಲೆ ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು ನಾಳೆ. ಹಾಗೇ..."

ದೊಡ್ಡತ್ತೆ ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿದರು. "ನನ್ನ ತಂಗೀನ ಕಳ್ಕೊಂಡೆ, ಹಣೆಬರಹ ಅಂತ ಸುಮ್ಮನಾದೆ. ಆದ್ರೆ ಹೆತ್ತ ಮಗನ ತಲೆಗೆ ಅವಳ ಸಾವು ಕಟ್ಟಿ, ದಿನಾ ಅವನೆದುರಿಗೇ ಕೂತು ಹೇಗೆ ಉಂಡ್ರಿ ಮೇಸ್ತ್ರಿಗಳೇ?"

"ಉಂಡೆ" ಎಂದರು ಅವರು. "ದಿನಾ ಉಂಡೆ."

ಮಗ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಅವತ್ತಿನಿಂದ ಅವನ ಊಟ ಅಲ್ಲೇ. ಅಪ್ಪನೊಂದಿಗೆ ಮಾತಿಲ್ಲ. ಹೆಂಡತಿಯೊಂದಿಗೂ ಉಪ್ಪು, ನೀರು, ಔಷಧಿಯಷ್ಟೇ ಮಾತು. ಮನೆಯಲ್ಲಿ ಪುಟ್ಟಿಯೊಬ್ಬಳ ಗಂಟಲು ಮಾತ್ರ ಸರಿಯಾಗಿತ್ತು, ಉಳಿದವರಿಗೆಲ್ಲ ಕಟ್ಟಿಕೊಂಡಿತ್ತು. ದೊಡ್ಡತ್ತೆಯಂಥ ದೊಡ್ಡತ್ತೆಯೇ ಬಾಯಿ ಹೊಲಿದುಕೊಂಡು ತರಕಾರಿ ಹೆಚ್ಚುತ್ತಿದ್ದರೆಂದರೆ ಇನ್ನು ಬೇರೆ ಹೇಳುವುದೇನು? ಶೆಡ್ಡಿನ ಬಾಗಿಲು ಯಾರೂ ತೆರೆಯಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಗ ಮೇಸ್ತ್ರಿಗಳು ತಮ್ಮ ಅಂಗಿಗಳನ್ನೆಲ್ಲ ಒಂದು ಕಂತೆ ಹೊತ್ತು ತಂದು ಅವಳ ಪಕ್ಕದಲ್ಲಿಟ್ಟರು. ಮೈಮೇಲಿನದನ್ನೂ ಕಳಚಿ ಮೇಲಿಟ್ಟು, ಬರೀ ಬನಿಯನ್ನಿನಲ್ಲಿ ನಿಂತರು. ಅಷ್ಟು ಸಣ್ಣ ಆಳೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಜೇಬು ಹೊಲಿದುಕೊಡಮ್ಮ."

"ಯಾವುದೂ ಹರಿದಿಲ್ವಲ್ಲ ಮಾವ?"

"ಹರಿದಿಲ್ಲ. ಬಾಯಿ ಮುಚ್ಚಿಬಿಡು. ಕೈಗೆ ಎಷ್ಟು ಹೇಳಿದ್ರೂ ಕೇಳಲ್ಲ. ನಿನಗೆ ಆಯ್ತು ಅಂದ ಮೇಲೂ ಅದು ತೆಗೀತು. ನನಗೆ ಗೊತ್ತೇ ಆಗ್ಲಿಲ್ಲ, ಆಣೆಗೂ."

ಅವಳು ಒಂದೊಂದೇ ಅಂಗಿ ತೆಗೆದುಕೊಂಡು ಜೇಬಿನ ಬಾಯಿಯ ಮೇಲೆ ಎರಡೆರಡು ಹೊಲಿಗೆ ಓಡಿಸಿದಳು. ಕೊನೆಯ ಅಂಗಿ ಮುಗಿಯುವವರೆಗೂ ಅವರು ನಿಂತೇ ಇದ್ದರು. ನೀಲಿ ಗೆರೆಯದನ್ನು ಹೊಲಿಯುವಾಗ ಹಿಂದೆ ನೆರಳಾಡಿತು. ಗಂಡ ಕಚೇರಿಯಿಂದ ಬೇಗ ಬಂದಿದ್ದ. ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋದ.

ಮುಂದಿನ ತಿಂಗಳ ಮೊದಲ ಭಾನುವಾರ ಅವನು ಚಪ್ಪಲಿ ಮೆಟ್ಟಲಿಲ್ಲ. ತಿಂಡಿ ತಿಂದ. ಆಮೇಲೆ ಹಿತ್ತಿಲಿಗೆ ಹೋಗಿ ಶೆಡ್ಡಿನ ಬಾಗಿಲನ್ನು ತಾನೇ ಎಳೆದ. ಕರ್ರೆನ್ನುವ ಸದ್ದಿಗೆ ಮೇಸ್ತ್ರಿಗಳು ಗಾಬರಿಯಿಂದ ಎದ್ದು ಬಂದರು. ಸೊಸೆ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದಳು. ಅವಳು ಪ್ಲಗ್ ಬಿಚ್ಚಿದಳು, ಉಜ್ಜಿದಳು, ಸೇರಿಸಿದಳು. ಪಾಯಿಂಟಿನ ಸಂದು ನೋಡಿದಳು. ಅವಳು ಕೇಳುವ ಮುಂಚೆಯೇ ಗಂಡ ಸ್ಪ್ಯಾನರ್ ಕೊಡುತ್ತಿದ್ದ. ಒರೆಸಿಡಲೆಂದು ರೋಟರನ್ನು ಮಾವನ ಅಂಗೈಗೆ ಕೊಟ್ಟಳು.

ಅವರು ಒರೆಸಿದರು. ಒರೆಸಿ ಮುಗಿಯುತ್ತಿದ್ದಂತೆ ಆ ಕೈ ಅದರಷ್ಟಕ್ಕೆ ಮೇಲೆ ಹೋಯಿತು. ಎದೆಯ ಮೇಲೆ ಹುಡುಕಿತು. ಹೊಲಿಗೆಗೆ ತಾಗಿ ಜಾರಿತು. ಮತ್ತೆ ಹುಡುಕಿತು, ಮತ್ತೆ ಜಾರಿತು. ಮೇಸ್ತ್ರಿಗಳು ಬೇರೆ ಯಾರದೋ ಕೈ ನೋಡುವಂತೆ ಅದನ್ನೇ ನೋಡುತ್ತ ನಿಂತರು.

ಮಗ ಬಂದು ಆ ಬೆರಳುಗಳನ್ನು ಬಿಡಿಸಿ ರೋಟರ್ ತೆಗೆದುಕೊಂಡ. ಹೆಂಡತಿ ತೋರಿಸಿದ ಕಡ್ಡಿಗೆ ಕೂರಿಸಿ, ಮುಚ್ಚಳ ಹಾಕಿ, ಎರಡೂ ಕ್ಲಿಪ್ ಬಿಗಿದು, ಹೋಗಿ ಕೂತು ಕೀಲಿ ತಿರುಗಿಸಿದ. ಒಂದೇ ಏಟಿಗೆ ಎಂಜಿನ್ ಎದ್ದಿತು. ಅಡಿಗೆಮನೆಯ ಬಾಗಿಲಿಗೆ ಬಂದ ದೊಡ್ಡತ್ತೆ ಅಲ್ಲೇ ನಿಂತರು.

ಅವನು ಕಿಟಕಿಯಿಂದ ತಲೆ ಹೊರಹಾಕಿದ. ಎಷ್ಟೋ ದಿನಗಳ ಮೇಲೆ ಅಪ್ಪನ ಮುಖ ನೋಡಿ ಮಾತಾಡಿದ.

"ಆವತ್ತೂ ಹೀಗೇ ಸ್ಟಾರ್ಟ್ ಆಗ್ತಿತ್ತು. ಅಲ್ವಾ ಅಪ್ಪ?"

ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲವೇನೋ ಎಂದು ಸೊಸೆ ಅಂದುಕೊಂಡಳು. ಕೇಳಿತ್ತು.

"ಆಗ್ತಿತ್ತು ಮಗಾ. ಒಂದೇ ಏಟಿಗೆ."

ಮಗ ತಲೆಯಾಡಿಸಿದ. ಎಂಜಿನ್ ನಿಲ್ಲಿಸಲಿಲ್ಲ. ಹಿಂದಿನ ಸೀಟಿನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಮೇಸ್ತ್ರಿಗಳ ಕೈ ಮಾತ್ರ ಹೊಲಿದ ಜೇಬಿನ ಮೇಲೆ ಇನ್ನೂ ಹುಡುಕುತ್ತಲೇ ಇತ್ತು.